ತುಮಕೂರಿನ ಮೇಯರ್ ಕುರ್ಚಿ: ಹತ್ತಲು ಹತ್ತು ವರ್ಷ, ಕೂರಲು ಒಂದೇ ವರ್ಷ

ಪಾಲಿಕೆ ಚುನಾವಣೆಯ ಮಾತು ಬಂದಾಗಲೆಲ್ಲ ತುಮಕೂರಿನಲ್ಲಿ ಒಂದು ಆಸೆ ಕೇಳಿಬರುತ್ತದೆ: ಈ ಸಲ ಒಳ್ಳೆ ಮೇಯರ್ ಬರಲಿ. ಬರಲಿ, ಬೇಡ ಅಂದವರು ಯಾರು? ಆದರೆ ಬಂದವರಿಗೆ ಕೆಲಸ ಮಾಡಲು ಎಷ್ಟು ದಿನ ಸಿಗುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಇಡೀ ಕಥೆ ಇರುವುದು ಅಲ್ಲೇ. ಮೇಯರ್ ಒಳ್ಳೆಯವರೋ ಕೆಟ್ಟವರೋ ಅನ್ನೋದು ಆಮೇಲಿನ ಮಾತು.

ಮೊದಲು ಲೆಕ್ಕ ನೋಡೋಣ. 2018ರ ಆಗಸ್ಟ್ 31ರಂದು ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡ್‌ಗಳಿಗೆ ಮತದಾನ ನಡೆಯಿತು. ಸೆಪ್ಟೆಂಬರ್ 3ರಂದು ಫಲಿತಾಂಶ ಬಂತು. ಬಿಜೆಪಿಗೆ 12, ಕಾಂಗ್ರೆಸ್‌ಗೆ 10, ಜೆಡಿಎಸ್‌ಗೆ 10, ಪಕ್ಷೇತರರಿಗೆ 3. ಯಾರಿಗೂ ಬಹುಮತವಿಲ್ಲ. ಆಗ ವಿಧಾನಸೌಧದಲ್ಲಿ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಇತ್ತು, ಕುಮಾರಸ್ವಾಮಿ ಮುಖ್ಯಮಂತ್ರಿ, ಪರಮೇಶ್ವರ್ ಉಪಮುಖ್ಯಮಂತ್ರಿ. ಬೆಂಗಳೂರಿನ ದೋಸ್ತಿ ಇಲ್ಲಿಗೂ ಬಂತು. ಎಲ್ಲರಿಗಿಂತ ಜಾಸ್ತಿ ವಾರ್ಡ್ ಗೆದ್ದಿದ್ದ ಬಿಜೆಪಿ ವಿರೋಧ ಪಕ್ಷದ ಸಾಲಿನಲ್ಲಿ ಕೂತಿತು.

ಗೆದ್ದವರು ಮಾರನೇ ದಿನವೇ ಕೆಲಸ ಶುರು ಮಾಡಿದರಾ? ಇಲ್ಲ. ಸೆಪ್ಟೆಂಬರ್‌ನಲ್ಲಿ ಗೆದ್ದ ಕಾರ್ಪೊರೇಟರ್‌ಗಳು ತಮ್ಮ ಮೇಯರ್‌ನ ಮುಖ ನೋಡಿದ್ದು 2019ರ ಜನವರಿ ಕೊನೆಯಲ್ಲಿ. ಹತ್ತಿರ ಹತ್ತಿರ ಐದು ತಿಂಗಳು ಸುಮ್ನೆ ಹೋಯಿತು. ಇಷ್ಟಾದರೂ ತುಮಕೂರು ಅದೃಷ್ಟ ಮಾಡಿತ್ತು ಅನ್ನಬೇಕು. ಅದೇ ಚುನಾವಣೆಯಲ್ಲಿ ರಾಜ್ಯದ ಬೇರೆ ಬೇರೆ ನಗರಸಭೆ, ಪುರಸಭೆಗಳಿಗೆ ಗೆದ್ದವರು ಅಧ್ಯಕ್ಷರ ಆಯ್ಕೆಗೆ ಎರಡು ವರ್ಷ ಕಾದರು. ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಗಿ ಸಿಕ್ಕಿಕೊಂಡಿತ್ತು.

ಈಗ ಮೊದಲ ಮೂವರು ಮೇಯರ್‌ಗಳ ಕ್ಯಾಲೆಂಡರ್ ತೆಗೆದು ನೋಡಿ. ಮೊದಲನೆಯವರು ಜೆಡಿಎಸ್‌ನ ಲಲಿತಾ ರವೀಶ್. ಕುರ್ಚಿಯಲ್ಲಿ ಕೂತು ಒಂದೂವರೆ ತಿಂಗಳೂ ಆಗಿರಲಿಲ್ಲ, 2019ರ ಮಾರ್ಚ್ 10ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ನೀತಿಸಂಹಿತೆ ಬಂತು. ಹೊಸ ಟೆಂಡರ್ ಇಲ್ಲ, ಹೊಸ ಕಾಮಗಾರಿ ಇಲ್ಲ, ಗುದ್ದಲಿ ಪೂಜೆಯಂತೂ ಇಲ್ಲವೇ ಇಲ್ಲ. ಅದೂ ತುಮಕೂರಿನಲ್ಲಿ ಎಂಥ ಚುನಾವಣೆ! ದೇವೇಗೌಡರೇ ಬಂದು ನಿಂತಿದ್ದರು. ಜಿ.ಎಸ್. ಬಸವರಾಜು ಎದುರು 13 ಸಾವಿರ ಚಿಲ್ಲರೆ ಮತಗಳಿಂದ ಸೋತರು. ಪಾಲಿಕೆಯಲ್ಲಿ ಚರಂಡಿ ಬಗ್ಗೆ ಮಾತಾಡುವ ಪುರುಸೊತ್ತು ಯಾರಿಗಿತ್ತು? ಮೇ 23ಕ್ಕೆ ಫಲಿತಾಂಶ ಬರುವ ಹೊತ್ತಿಗೆ ಮೇಯರ್ ಅವಧಿಯ ಮೂರನೇ ಒಂದು ಭಾಗ ಮುಗಿದೇ ಹೋಗಿತ್ತು. ಎರಡೇ ತಿಂಗಳಲ್ಲಿ ಬೆಂಗಳೂರಿನ ದೋಸ್ತಿ ಸರ್ಕಾರವೂ ಬಿತ್ತು.

ಎರಡನೆಯವರು ಕಾಂಗ್ರೆಸ್‌ನ ಫರೀದಾ ಬೇಗಂ. 2020ರ ಜನವರಿ ಕೊನೆಯಲ್ಲಿ ಆಯ್ಕೆಯಾದರು. ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಲಾಕ್‌ಡೌನ್. ಮೂರನೆಯವರು ಜೆಡಿಎಸ್‌ನ ಬಿ.ಜಿ. ಕೃಷ್ಣಪ್ಪ. 2021ರ ಆರಂಭದಲ್ಲಿ ಬಂದರು. ಏಪ್ರಿಲ್ ಕೊನೆಗೆ ಎರಡನೇ ಅಲೆ, ಮತ್ತೆ ಎಲ್ಲಾ ಬಂದ್. ಆಗ ಪಾಲಿಕೆಗಿದ್ದ ಕೆಲಸ ಔಷಧಿ ಸಿಂಪಡಿಸುವುದು, ಕಂಟೈನ್‌ಮೆಂಟ್ ಝೋನ್‌ಗೆ ಬ್ಯಾರಿಕೇಡ್ ಕಟ್ಟುವುದು. ಸ್ಮಶಾನದ ವ್ಯವಸ್ಥೆಯೂ ಅದರ ತಲೆ ಮೇಲೇ ಬಿತ್ತು. ಸಣ್ಣ ಕೆಲಸ ಅಂತ ಹೇಳುತ್ತಿಲ್ಲ, ಬಹಳ ದೊಡ್ಡದು. ಆದರೆ ಅದನ್ನು ನಡೆಸಿದ್ದು ಜಿಲ್ಲಾಡಳಿತದ ಆದೇಶ, ಮೇಯರ್ ಕುರ್ಚಿಯಲ್ಲ.

ಮೂವರಲ್ಲಿ ಇಬ್ಬರು ಮಹಿಳೆಯರು, ಮೂವರೂ ವಾರ್ಡಿನಿಂದ ಗೆದ್ದು ಬಂದವರು. ಒಬ್ಬೊಬ್ಬರಿಗೂ ಕೈಗೆ ಸಿಕ್ಕಿದ್ದು ಏಳೆಂಟು ತಿಂಗಳು ಅಂದುಕೊಳ್ಳಿ. ಇವರ ಸಾಧನೆ ಏನು ಅಂತ ಪ್ರಶ್ನೆ ಕೇಳುವ ಮೊದಲು ಈ ಲೆಕ್ಕ ಮುಂದಿಟ್ಟುಕೊಳ್ಳುವುದು ನ್ಯಾಯ.

ಒಂದೇ ವರ್ಷ ಯಾಕೆ? ಕಾನೂನೇ ಹಾಗಿದೆ. 1976ರ ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ ಪ್ರಕಾರ ಸದಸ್ಯರು ಪ್ರತಿ ವರ್ಷ ತಮ್ಮಲ್ಲೇ ಒಬ್ಬರನ್ನು ಮೇಯರ್, ಇನ್ನೊಬ್ಬರನ್ನು ಉಪಮೇಯರ್ ಮಾಡಬೇಕು. ಪಕ್ಕದ ಚಿಕ್ಕಬಳ್ಳಾಪುರದಂಥ ನಗರಸಭೆಗಳಿಗೆ ಬೇರೆ ಕಾಯ್ದೆ, 1964ರದ್ದು. ಅಲ್ಲಿ ಅಧ್ಯಕ್ಷರಿಗೆ 30 ತಿಂಗಳು. ಅಂದರೆ ಊರು ದೊಡ್ಡದಾಗಿ, ನಗರಸಭೆ ಹೋಗಿ ಮಹಾನಗರ ಪಾಲಿಕೆ ಆದ ತಕ್ಷಣ, ಊರಿನ ಮೊದಲ ಪ್ರಜೆಯ ಅವಧಿ ಅರ್ಧಕ್ಕಿಂತ ಕಮ್ಮಿಯಾಯಿತು! ಬಡ್ತಿ ಅಂತ ಸಂಭ್ರಮಪಟ್ಟೆವು, ಅಲ್ವಾ? ಬೆಂಗಳೂರಿಗೆ ಮಾತ್ರ 2020ರಲ್ಲಿ ಹೊಸ ಕಾಯ್ದೆ ಮಾಡಿ ಮೇಯರ್‌ಗೆ 30 ತಿಂಗಳು ಅಂತ ಬರೆದರು. ತಮಾಷೆ ನೋಡಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಅಲ್ಲಿಗೆ ಚುನಾವಣೆಯೇ ಆಗಲಿಲ್ಲ. ಆ 30 ತಿಂಗಳ ಕುರ್ಚಿಯಲ್ಲಿ ಒಬ್ಬರೂ ಕೂರಲಿಲ್ಲ.

ಒಂದು ವರ್ಷದ ಕುರ್ಚಿಗೆ ಬರಲು ಒಬ್ಬ ಮನುಷ್ಯ ಎಷ್ಟು ವರ್ಷ ಅಲೆಯಬೇಕು ಅನ್ನೋದು ಇನ್ನೊಂದು ಕಥೆ.

ತುಮಕೂರಿನಂಥ ಊರಲ್ಲಿ ರಾಜಕೀಯ ಶುರುವಾಗುವುದು ಪಕ್ಷದ ಕಚೇರಿಯಲ್ಲಿ ಅಲ್ಲ, ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ. ಅಲ್ಲಿ ಚಂದಾ ಎತ್ತಿದ ಹುಡುಗ ಮುಂದೆ ಬೂತ್ ಏಜೆಂಟ್ ಆಗುತ್ತಾನೆ. ಎಂಎಲ್‌ಎ ಬಂದಾಗ ಹಾರ ಹಾಕುತ್ತಾನೆ, ಹುಟ್ಟುಹಬ್ಬಕ್ಕೆ ಬಿ.ಎಚ್. ರಸ್ತೆಯಲ್ಲಿ ಫ್ಲೆಕ್ಸ್ ಕಟ್ಟಿಸುತ್ತಾನೆ. ಮೊದಮೊದಲು ಫ್ಲೆಕ್ಸಿನ ಕೆಳಸಾಲಿನಲ್ಲಿ ಪಾಸ್‌ಪೋರ್ಟ್ ಸೈಜಿನ ಮುಖ. ನಾಲ್ಕೈದು ವರ್ಷ ಕಳೆದ ಮೇಲೆ ಅದೇ ಮುಖ ಎಂಎಲ್‌ಎ ಪಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಆಗ ಊರಿಗೆಲ್ಲ ಗೊತ್ತಾಗುತ್ತದೆ, ಇವನು ಟಿಕೆಟ್ ಕೇಳ್ತಾನೆ ಅಂತ.

ಟಿಕೆಟ್ ಕೇಳುವ ಹೊತ್ತಿಗೆ ಸರ್ಕಾರ ವಾರ್ಡ್ ಮೀಸಲಾತಿ ಪಟ್ಟಿ ಹೊರಡಿಸುತ್ತದೆ. ಹತ್ತು ವರ್ಷ ಓಡಾಡಿದ ವಾರ್ಡು ಮಹಿಳೆಗೆ ಹೋಗಿರುತ್ತದೆ, ಇಲ್ಲವೇ ಬೇರೆ ವರ್ಗಕ್ಕೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎ, ಹಿಂದುಳಿದ ವರ್ಗ ಬಿ, ಸಾಮಾನ್ಯ ಅಂತ ವಾರ್ಡು ಹಂಚಿ, ಎಲ್ಲ ವರ್ಗದಲ್ಲೂ ಅರ್ಧದಷ್ಟು ಹೆಣ್ಣುಮಕ್ಕಳಿಗೆ. ಪ್ರತಿ ಚುನಾವಣೆಗೂ ಇದು ಸುತ್ತುತ್ತದೆ. ಆಗ ಅವನ ಮುಂದೆ ಇರುವುದು ಎರಡೇ ದಾರಿ. ಪಕ್ಕದ ವಾರ್ಡಿಗೆ ಹೋಗಿ ಹೊರಗಿನವನು ಅನ್ನಿಸಿಕೊಳ್ಳುವುದು, ಇಲ್ಲ ಹೆಂಡತಿಯನ್ನು ನಿಲ್ಲಿಸುವುದು. ಹೆಂಡತಿಯನ್ನು ನಿಲ್ಲಿಸಿ ತಾನೇ ಕಾರ್ಪೊರೇಟರ್ ಥರ ಓಡಾಡುವ ಗಂಡಂದಿರನ್ನು ನೋಡಿ ನಗುತ್ತೇವೆ. ನಗಬೇಕಾದ್ದೇ. ಆದರೆ ಹಾಗೆ ಬಂದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಎರಡನೇ ವರ್ಷಕ್ಕೆ ಫೈಲು ತಾವೇ ಓದಿ, ಎಂಜಿನಿಯರ್‌ನ ನಿಲ್ಲಿಸಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಗಂಡಂದಿರಿಗೆ ಕಸಿವಿಸಿ ಆಗುವುದು ಆಗಲೇ.

ಗೆದ್ದ ಮೇಲೆ ನಿಜವಾದ ಕೆಲಸ ಬೆಳಗ್ಗೆ ಆರಕ್ಕೆ ಮೊದಲ ಫೋನಿನಿಂದ ಶುರು. "ಅಕ್ಕ, ನೀರು ಬಿಟ್ಟು ಎಷ್ಟು ದಿನ ಆಯ್ತು ಗೊತ್ತಾ? ವಾಟರ್‌ಮನ್ ಫೋನೇ ಎತ್ತಲ್ಲ ಕಣಕ್ಕ." ತುಮಕೂರಿಗೆ ಕುಡಿಯುವ ನೀರು ಬರುವುದು ಬುಗುಡನಹಳ್ಳಿ ಕೆರೆಯಿಂದ, ಆ ಕೆರೆಗೆ ನೀರು ಬರುವುದು ಹೇಮಾವತಿ ನಾಲೆಯಿಂದ. ನಾಲೆಗೆ ಯಾವಾಗ ನೀರು ಬಿಡಬೇಕು ಅನ್ನೋದು ಕಾರ್ಪೊರೇಟರ್ ಕೈಯಲ್ಲೂ ಇಲ್ಲ, ಮೇಯರ್ ಕೈಯಲ್ಲೂ ಇಲ್ಲ. ಅದು ನೀರಾವರಿ ಇಲಾಖೆ ಮಾತು, ಜಿಲ್ಲೆಯ ಮಂತ್ರಿಗಳ ಮಾತು. ಆದರೆ ಬೈಗುಳ ಮಾತ್ರ ವಾರ್ಡಿಗೇ ಬರುತ್ತದೆ. ನೀರಾದ ಮೇಲೆ ಯುಜಿಡಿ, ಅಂದರೆ ಒಳಚರಂಡಿ. ಮ್ಯಾನ್‌ಹೋಲ್ ಉಕ್ಕಿ ಮನೆ ಮುಂದೆ ಹರಿಯುತ್ತಿರುತ್ತದೆ, ಜೆಟ್ಟಿಂಗ್ ಗಾಡಿ ಬೇರೆ ವಾರ್ಡಿಗೆ ಹೋಗಿರುತ್ತದೆ. ಆಮೇಲೆ ಬೀದಿದೀಪ, ಕಸದ ಆಟೋ, ಖಾತೆ. ಹೀಗೆ ದಿನಾ ಹತ್ತಾರು ಸಣ್ಣ ಕೆಲಸ ಮಾಡಿಸಿದವರು ಮಾತ್ರ ಎರಡನೇ ಸಲ ಗೆಲ್ಲುತ್ತಾರೆ. ಮೇಯರ್ ಆಕಾಂಕ್ಷಿಗಳ ಸಾಲಿಗೆ ಬರುವವರೂ ಬಹುಮಟ್ಟಿಗೆ ಇವರೇ.

ಇಷ್ಟೆಲ್ಲ ಆದರೂ ಮೇಯರ್ ಆಗಬೇಕಾದರೆ ರೋಸ್ಟರ್ ಒಲಿಯಬೇಕು. ಈ ವರ್ಷ ಮೇಯರ್ ಸ್ಥಾನ ಯಾವ ವರ್ಗಕ್ಕೆ ಅಂತ ಸರ್ಕಾರ ಪಟ್ಟಿ ಕೊಡುತ್ತದೆ. ಮೂರು ಸಲ ಗೆದ್ದ ಹಿರಿಯ ಸದಸ್ಯ ಸಾಮಾನ್ಯ ವರ್ಗದವರಾಗಿದ್ದು, ಐದು ವರ್ಷದಲ್ಲಿ ಒಮ್ಮೆಯೂ ಸಾಮಾನ್ಯಕ್ಕೆ ಬರಲಿಲ್ಲವೋ, ಅವರ ಕಥೆ ಅಲ್ಲಿಗೆ ಮುಗಿಯಿತು. ಮೊದಲ ಸಲ ಗೆದ್ದವರು ಆ ವರ್ಗದವರಾಗಿ ಪಕ್ಷದಲ್ಲಿ ಒಬ್ಬರೇ ಇದ್ದರೋ, ಅವರೇ ಮೇಯರ್.

ಇದನ್ನು ಹೇಳಿದರೆ ಕೆಲವರು ತಕ್ಷಣ ಮೀಸಲಾತಿ ಮೇಲೆ ಹರಿಹಾಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ರೋಸ್ಟರ್ ಇಲ್ಲದೇ ಹೋಗಿದ್ದರೆ ಈ ಊರಿನ ಮೇಯರ್ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು, ಸಣ್ಣ ಸಮುದಾಯದವರ ಹೆಸರು ಎಷ್ಟು ಇರುತ್ತಿದ್ದವು ಅಂತ ಎದೆ ಮುಟ್ಟಿಕೊಂಡು ಹೇಳಲಿ. ಸಮಸ್ಯೆ ಮೀಸಲಾತಿಯಲ್ಲಿ ಇಲ್ಲ, ಒಂದು ವರ್ಷದಲ್ಲಿದೆ. ಆದರೆ ಇವೆರಡೂ ಒಂದಕ್ಕೊಂದು ಗಂಟು ಬಿದ್ದಿವೆ ಅನ್ನೋದೂ ನಿಜ. ವರ್ಷಕ್ಕೊಬ್ಬರು ಅಂದರೆ ಐದು ವರ್ಷದಲ್ಲಿ ಐದು ವರ್ಗಕ್ಕೆ ಅವಕಾಶ. ಅದೇ ಒಬ್ಬರೇ ಐದು ವರ್ಷ ಅಂದರೆ ಒಂದು ವರ್ಗದ ಸರದಿ ಮತ್ತೆ ಬರಲು ಇಪ್ಪತ್ತೈದು ಮೂವತ್ತು ವರ್ಷ ಆಗಬಹುದು. ಅವಧಿ ಹೆಚ್ಚಿಸಿ ಅನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ನನಗನ್ನಿಸುವ ಮಟ್ಟಿಗೆ ನಗರಸಭೆಗಳಿಗೆ ಇರುವ 30 ತಿಂಗಳೇ ಸದ್ಯಕ್ಕೆ ನಡುದಾರಿ. ಎರಡು ಬಜೆಟ್ ಆದರೂ ಮಾಡಬಹುದು.

ಪಕ್ಷಗಳಿಗೆ ಮಾತ್ರ ಒಂದು ವರ್ಷವೇ ಇಷ್ಟ, ಅವು ಬಾಯಿಬಿಟ್ಟು ಹೇಳದಿದ್ದರೂ. ಕುರ್ಚಿ ಒಂದೇ, ಕೇಳುವವರು ಹತ್ತು ಜನ. ವರ್ಷಕ್ಕೊಬ್ಬರಂತೆ ಐದು ಜನಕ್ಕೆ ಸಮಾಧಾನ ಮಾಡಬಹುದು. ಉಳಿದ ಐದು ಜನಕ್ಕೆ ಉಪಮೇಯರ್ ಇದೆ, ಸ್ಥಾಯಿ ಸಮಿತಿ ಅಧ್ಯಕ್ಷಗಿರಿ ಇದೆ. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಅಂತ ನಾಲ್ಕು ಸಮಿತಿ. ಮೈತ್ರಿ ಇದ್ದರಂತೂ ಇನ್ನೂ ಸಲೀಸು. ತುಮಕೂರಿನಲ್ಲಿ ಮೊದಲ ವರ್ಷ ಜೆಡಿಎಸ್ ಮೇಯರ್, ಕಾಂಗ್ರೆಸ್ ಉಪಮೇಯರ್. ಎರಡನೇ ವರ್ಷ ಅದು ಅದಲುಬದಲು. ಒಬ್ಬ ಮೇಯರ್ ಐದು ವರ್ಷ ಗಟ್ಟಿಯಾಗಿ ಕೂತು ಹೆಸರು ಮಾಡಿದರೆ ಮುಂದಿನ ವಿಧಾನಸಭೆ ಟಿಕೆಟ್ ಕೇಳುತ್ತಾರೆ ಅನ್ನೋ ಲೆಕ್ಕವೂ ಯಾವ ಎಂಎಲ್‌ಎಗೆ ಗೊತ್ತಿಲ್ಲ?

ಮೇಯರ್ ಆಯ್ಕೆಯಲ್ಲಿ ಎಂಎಲ್‌ಎ, ಎಂಪಿಗಳಿಗೂ ಓಟಿದೆ. ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಂಎಲ್‌ಸಿ, ರಾಜ್ಯಸಭಾ ಸದಸ್ಯರಿಗೂ ಇದೆ. ಸರ್ಕಾರ ನೇಮಿಸಿದ ನಾಮನಿರ್ದೇಶಿತ ಸದಸ್ಯರಿಗೆ ಮಾತ್ರ ಇಲ್ಲ. ಪ್ರಾದೇಶಿಕ ಆಯುಕ್ತರು ಬಂದು ಚುನಾವಣೆ ನಡೆಸುತ್ತಾರೆ, ಸದಸ್ಯರು ಕೈ ಎತ್ತಬೇಕು. ಗುಟ್ಟಿನ ಮತದಾನ ಅಲ್ಲ. ಯಾರ ಕೈ ಮೇಲೆ ಹೋಯಿತು, ಯಾರದ್ದು ಹೋಗಲಿಲ್ಲ ಅಂತ ಎದುರಿಗೆ ಕೂತ ನಾಯಕರಿಗೆ ಕಾಣುತ್ತದೆ. ಪಕ್ಷದ ಆದೇಶ, ಅಂದರೆ ವಿಪ್ ಮೀರಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ಸದಸ್ಯತ್ವವೇ ಹೋಗಬಹುದು. ಆದರೂ ಕೈಗಳು ಅತ್ತಿತ್ತ ಆಗುತ್ತವೆ. ಪಕ್ಕದ ಚಿಕ್ಕಬಳ್ಳಾಪುರದಲ್ಲಿ 2024ರಲ್ಲಿ ನಗರಸಭೆ ಅಧ್ಯಕ್ಷರ ಆಯ್ಕೆ ನಡೆದಾಗ ಕಾಂಗ್ರೆಸ್ ಶಾಸಕ ಪ್ರದೀಪ್ ಈಶ್ವರ್ ಒಂದು ಕಡೆ, ಬಿಜೆಪಿ ಸಂಸದ ಸುಧಾಕರ್ ಇನ್ನೊಂದು ಕಡೆ. ಕುರ್ಚಿ ಸಂಸದರ ಕಡೆಗೆ ಹೋಯಿತು. ಅಲ್ಲಿ ಗೆದ್ದಿದ್ದು, ಸೋತಿದ್ದು ಅಧ್ಯಕ್ಷರಲ್ಲ, ಅವರ ಹಿಂದೆ ನಿಂತವರು ಅಂತಲೇ ಜನ ಮಾತಾಡಿಕೊಂಡರು.

ಕುರ್ಚಿ ಸಿಕ್ಕಿತು ಅನ್ನಿ. ಕೆಂಪು ದೀಪದ ಕಾಲ ಹೋದರೂ ಕಾರು ಇದೆ, ಚೇಂಬರ್ ಇದೆ, ಮೊದಲ ಪ್ರಜೆ ಅನ್ನೋ ಗೌರವ ಇದೆ. ಅಧಿಕಾರ? ಸಭೆಯ ಅಧ್ಯಕ್ಷತೆ ಮೇಯರ್‌ದು, ಕಾರ್ಯಾಂಗದ ಅಧಿಕಾರ ಕಮಿಷನರ್‌ದು. ಕಮಿಷನರ್‌ನ ಕಳಿಸುವುದು ಸರ್ಕಾರ, ವಾಪಸ್ ಕರೆಸಿಕೊಳ್ಳುವುದೂ ಸರ್ಕಾರ. ಪಾಲಿಕೆ ಸಭೆ ಒಮ್ಮತದಿಂದ ಮಾಡಿದ ನಿರ್ಣಯವನ್ನೂ ಸರ್ಕಾರ ರದ್ದು ಮಾಡಬಹುದು, ಅದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ಹೊಸ ಮೇಯರ್ ಕಾಯ್ದೆ ಪುಸ್ತಕ ಓದಿ, ಯಾವ ಫೈಲು ಯಾವ ಮೇಜಿನಲ್ಲಿ ನಿಲ್ಲುತ್ತದೆ ಅಂತ ತಿಳಿದುಕೊಳ್ಳುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ. ಅಷ್ಟರಲ್ಲಿ ಮುಂದಿನ ಮೇಯರ್ ಯಾರು ಅನ್ನೋ ಚರ್ಚೆ ಟೌನ್‌ಹಾಲ್ ಸರ್ಕಲ್‌ನ ಟೀ ಅಂಗಡಿಯಲ್ಲಿ ಶುರು. ಹೋಗುವ ಮೇಯರ್ ಮಾತನ್ನು ಯಾವ ಅಧಿಕಾರಿ ಕೇಳುತ್ತಾರೆ?

ಸ್ಮಾರ್ಟ್ ಸಿಟಿ ಕಥೆ ಇದಕ್ಕೆ ಕನ್ನಡಿ. 2016ರ ಸೆಪ್ಟೆಂಬರ್‌ನಲ್ಲಿ ತುಮಕೂರು ಆ ಪಟ್ಟಿಗೆ ಸೇರಿತು. ಯೋಜನೆಯ ಲೆಕ್ಕದಲ್ಲಿ ಒಂದೊಂದು ಊರಿಗೆ ಕೇಂದ್ರದಿಂದ 500 ಕೋಟಿ, ಅಷ್ಟೇ ಹಣ ರಾಜ್ಯದ ಕಡೆಯಿಂದ. ಈ ಊರು ತನ್ನ ಇತಿಹಾಸದಲ್ಲೇ ಕಂಡಿರದಷ್ಟು ದುಡ್ಡು. ಅದನ್ನು ಖರ್ಚು ಮಾಡಿದ್ದು ಪಾಲಿಕೆಯಲ್ಲ, ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಅನ್ನೋ ಬೇರೆ ಕಂಪನಿ. ಅದಕ್ಕೊಬ್ಬ ಎಂ.ಡಿ., ಅವರು ಅಧಿಕಾರಿ. ರಸ್ತೆ ಅಗೆದಾಗ ಧೂಳು ಕುಡಿದ ಜನ ಬೈದಿದ್ದು ಕಾರ್ಪೊರೇಟರ್‌ಗೆ, ಟೆಂಡರ್ ಕರೆದಿದ್ದು ಕಂಪನಿ. ಮೇಯರ್‌ಗಳು ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು, ಕಂಪನಿ ನಡೆಯುತ್ತಲೇ ಇತ್ತು. ನೀರಿಗೆ ಇನ್ನೊಂದು ಮಂಡಳಿ, ಬಡಾವಣೆ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ ಟೂಡಾ, ಕರೆಂಟಿಗೆ ಬೆಸ್ಕಾಂ. ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ 18 ವಿಷಯಗಳನ್ನು ಪಟ್ಟಿ ಮಾಡಿಕೊಟ್ಟಿತ್ತು. ಆ ಪಟ್ಟಿಯ ಮೊದಲ ಸಾಲಿನಲ್ಲೇ ನಗರ ಯೋಜನೆ ಇದೆ. 1993ರಿಂದ ಜಾರಿಯಲ್ಲಿದೆ. ಮೇಯರ್ ಚೇಂಬರಿನವರೆಗೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಹಾಗಾಗಿ ಇಲ್ಲಿ ಮೇಯರ್ ಆಗುವುದು ರಾಜಕೀಯದ ಮೆಟ್ಟಿಲಲ್ಲ, ಮಹಡಿ. ಅಲ್ಲಿಂದ ಮೇಲಕ್ಕೆ ದಾರಿ ಕಾಣುವುದಿಲ್ಲ. 2013ರಲ್ಲಿ ತುಮಕೂರು ನಗರದಿಂದ ವಿಧಾನಸಭೆಗೆ ಗೆದ್ದ ಡಾ. ರಫೀಕ್ ಅಹ್ಮದ್ ಆಗಲಿ, 2018 ಮತ್ತು 2023ರಲ್ಲಿ ಗೆದ್ದ ಜ್ಯೋತಿಗಣೇಶ್ ಆಗಲಿ ಮೇಯರ್ ಕುರ್ಚಿಯಿಂದ ಬಂದವರಲ್ಲ. ಜ್ಯೋತಿಗಣೇಶ್ ಮಾಜಿ ಸಂಸದ ಬಸವರಾಜು ಅವರ ಮಗ. ಇನ್ನು 2024ರಲ್ಲಿ ಗೆದ್ದ ಸಂಸದ ವಿ. ಸೋಮಣ್ಣ ಕಾರ್ಪೊರೇಟರ್ ಆಗಿಯೇ ರಾಜಕೀಯ ಶುರು ಮಾಡಿದವರು, ಆದರೆ ಬೆಂಗಳೂರಿನಲ್ಲಿ. ಎಂಬತ್ತರ ದಶಕದಲ್ಲಿ ಅಲ್ಲಿನ ಪಾಲಿಕೆಗೆ ಗೆದ್ದರು, ಆಮೇಲೆ ಎಂಎಲ್‌ಎ, ಮಂತ್ರಿ, ಈಗ ಕೇಂದ್ರದಲ್ಲಿ ರಾಜ್ಯ ಸಚಿವ. ಮೇಯರ್ ಆಗದೆಯೇ ಅಷ್ಟು ದೂರ ಹೋದರು. ಇಲ್ಲಿ ಮೇಯರ್ ಆದವರಿಗೆ ಉಳಿಯುವುದು 'ಮಾಜಿ ಮೇಯರ್' ಅನ್ನೋ ಬಿರುದು. ಅದು ಮಾತ್ರ ಜೀವನಪೂರ್ತಿ, ಮದುವೆ ಕರೆಯೋಲೆಯಲ್ಲೂ ಅಚ್ಚಾಗುತ್ತದೆ.

ಬೇರೆ ರಾಜ್ಯಗಳಲ್ಲಿ ಹೀಗಿಲ್ಲ. ದೇವೇಂದ್ರ ಫಡಣವೀಸ್ 1997ರಲ್ಲಿ 27ನೇ ವಯಸ್ಸಿಗೆ ನಾಗ್ಪುರದ ಮೇಯರ್ ಆದರು, ಮುಂದೆ ಮುಖ್ಯಮಂತ್ರಿ. ಸ್ಟಾಲಿನ್ 1996ರಲ್ಲಿ ಚೆನ್ನೈ ಜನರಿಂದ ನೇರವಾಗಿ ಮೇಯರ್ ಆಗಿ ಆಯ್ಕೆಯಾದವರು. ಉತ್ತರ ಪ್ರದೇಶ, ಮಧ್ಯಪ್ರದೇಶದಲ್ಲಿ ಈಗಲೂ ಜನರೇ ಮೇಯರ್‌ಗೆ ಓಟು ಹಾಕುತ್ತಾರೆ. ಇದನ್ನು ನೋಡಿ ನಮ್ಮಲ್ಲೂ ನೇರ ಚುನಾವಣೆ ಬೇಕು ಅನ್ನುವವರಿದ್ದಾರೆ. ನನಗೆ ಅದಕ್ಕಿಂತ ಕೇರಳದ ದಾರಿ ಹತ್ತಿರ ಅನ್ನಿಸುತ್ತದೆ. ಅಲ್ಲಿ ಕೌನ್ಸಿಲರ್‌ಗಳೇ ಮೇಯರ್‌ನ ಆರಿಸುತ್ತಾರೆ, ನಮ್ಮ ಹಾಗೆಯೇ. ಆದರೆ ಅವಧಿ ಐದು ವರ್ಷ. 2020ರಲ್ಲಿ ಆರ್ಯಾ ರಾಜೇಂದ್ರನ್ 21ನೇ ವಯಸ್ಸಿಗೆ ತಿರುವನಂತಪುರದ ಮೇಯರ್ ಆದಾಗ ದೇಶವೆಲ್ಲ ಅವರ ವಯಸ್ಸಿನ ಬಗ್ಗೆ ಮಾತಾಡಿತು. ಅವರ ಕೈಯಲ್ಲಿ ಐದು ವರ್ಷ ಇತ್ತು ಅನ್ನೋದರ ಬಗ್ಗೆ ಮಾತಾಡಿದವರು ಕಮ್ಮಿ.

ತುಮಕೂರಿನಲ್ಲಿ ಸದ್ಯದ ತಕರಾರು ಇದಕ್ಕಿಂತ ಒಂದು ಹೆಜ್ಜೆ ಹಿಂದಿನದು. 2018ರಲ್ಲಿ ಗೆದ್ದವರ ಅವಧಿ 2024ರ ಜನವರಿಯಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನವೇ ಹೇಳುತ್ತದೆ. ವಾರ್ಡ್ ವಿಂಗಡಣೆ, ಮೀಸಲಾತಿ ನೆಪ ಹೇಳಿ ಮುಂದೂಡಬೇಡಿ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಕಡ್ಡಿ ಮುರಿದಂತೆ ಹೇಳಿತ್ತು. ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿ ಬಗ್ಗೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಅದೇ ವರ್ಷ ವರದಿಯನ್ನೂ ಕೊಟ್ಟಿತ್ತು. ಆದರೂ ತುಮಕೂರಿಗೆ ಆಡಳಿತಾಧಿಕಾರಿ ಬಂದರು. 2024 ಪೂರ್ತಿ ಹಾಗೇ ಹೋಯಿತು, 2025 ಬಂದಾಗಲೂ ಪಾಲಿಕೆಯಲ್ಲಿ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ.

ಇದರಿಂದ ಏನು ನಷ್ಟ ಅನ್ನುವವರಿಗೆ ಒಂದು ಉದಾಹರಣೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅನಧಿಕೃತ ಬಡಾವಣೆಯ ಆಸ್ತಿಗಳಿಗೆ ಬಿ ಖಾತಾ ಕೊಡುವ ಅಭಿಯಾನ ಶುರು ಮಾಡಿತು. ಸೈಟು ಕೊಂಡು, ಕಂದಾಯ ಕಟ್ಟಲೂ ದಾರಿಯಿಲ್ಲದೆ ಕೂತಿದ್ದ ಸಾವಿರಾರು ಜನರಿಗೆ ಅದು ದೊಡ್ಡ ವಿಷಯ. ಇಂಥ ಹೊತ್ತಿನಲ್ಲೇ ಕಾರ್ಪೊರೇಟರ್ ಬೇಕಾಗುವುದು. ಯಾವ ದಾಖಲೆ ಬೇಕು, ಅರ್ಜಿ ಎಲ್ಲಿ ನಿಂತಿದೆ, ಯಾಕೆ ವಾಪಸ್ ಬಂತು ಅಂತ ಕೇಳಲು ಮನೆ ಹತ್ತಿರ ಒಂದು ಮುಖ. ಆ ಮುಖ ಇಲ್ಲದಾಗ ಬ್ರೋಕರ್ ಬರುತ್ತಾನೆ. ಪಾಲಿಕೆ ಕಚೇರಿ ಮುಂದೆ ಝೆರಾಕ್ಸ್ ಅಂಗಡಿಯವರಿಗೇ ಎಲ್ಲಾ ಗೊತ್ತಿರುತ್ತದೆ.

ಮಾಜಿ ಸದಸ್ಯರ ಪಾಡು ಇನ್ನೊಂದು ಥರ. ಬೆಳಗ್ಗೆ ಆರರ ಫೋನು ಈಗಲೂ ಬರುತ್ತದೆ, ಕೆಲಸ ಮಾಡಿಸಲು ಸಹಿ ಇಲ್ಲ. ಎತ್ತದಿದ್ದರೆ ಮುಂದಿನ ಸಲ ಓಟಿಲ್ಲ. ಕೈಯಿಂದ ದುಡ್ಡು ಹಾಕಿ ಟ್ಯಾಂಕರ್ ಕಳಿಸುವವರಿದ್ದಾರೆ. ವಾರ್ಡ್ ಮೀಸಲಾತಿ ಗೊತ್ತಿಲ್ಲದೆ ಯಾರಿಗಾಗಿ ಈ ಖರ್ಚು ಅಂತ ಕೈಬಿಟ್ಟವರೂ ಇದ್ದಾರೆ. ಈ ತಾಳ್ಮೆಯ ಪರೀಕ್ಷೆಯಲ್ಲಿ ಉಳಿಯುವವರು ಯಾರು? ದುಡ್ಡಿದ್ದವರು. ಸೈಟು ವ್ಯವಹಾರ, ಗುತ್ತಿಗೆ, ಕಲ್ಯಾಣ ಮಂಟಪ ಇದ್ದವರು. ಬಟವಾಡಿಯಲ್ಲೋ ಕ್ಯಾತ್ಸಂದ್ರದಲ್ಲೋ ಸಣ್ಣ ಅಂಗಡಿ ಇಟ್ಟುಕೊಂಡು, ಜನರ ಒಡನಾಟದಿಂದಲೇ ಗೆದ್ದಿದ್ದ ಸದಸ್ಯ ವರ್ಷಗಟ್ಟಲೆ ಹೀಗೆ ಕಾಯಲು ಆಗುವುದಿಲ್ಲ. ಚುನಾವಣೆ ತಡವಾದಷ್ಟೂ ಮುಂದಿನ ಪಾಲಿಕೆಯ ಮುಖ ಬದಲಾಗುತ್ತಾ ಹೋಗುತ್ತದೆ. ಈ ನಷ್ಟ ಯಾವ ಆಡಿಟ್‌ನಲ್ಲೂ ಬರುವುದಿಲ್ಲ.

ಎಂಎಲ್‌ಎ, ಎಂಪಿಗಳಿಗೆ ಇದರಿಂದ ತೊಂದರೆ ಏನೂ ಇಲ್ಲ. ಕಮಿಷನರ್ ಜೊತೆ ನೇರ ಮಾತು, ನಡುವೆ 35 ಜನರ ಸಭೆಯ ಕಾಟ ಇಲ್ಲ. ಅವರಿಗೆ ಕಾರ್ಪೊರೇಟರ್‌ಗಳ ನೆನಪು ಗಟ್ಟಿಯಾಗಿ ಬರುವುದು ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ಚುನಾವಣೆ ಬಂದಾಗ. ಅಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಜೊತೆ ಪಾಲಿಕೆ ಸದಸ್ಯರದ್ದೂ ಓಟು. ಹಿಂದಿನದು ನಡೆದಿದ್ದು 2021ರ ಡಿಸೆಂಬರ್ 10ಕ್ಕೆ. ಪರಿಷತ್ ಸದಸ್ಯರ ಅವಧಿ ಆರು ವರ್ಷ, ಅಂದರೆ ಮುಂದಿನದು 2027ರ ಕೊನೆಗೆ. ಓಟು ಹಾಕಲು ಸದಸ್ಯರು ಬೇಕಲ್ಲ, ಅಷ್ಟರೊಳಗಾದರೂ ತುಮಕೂರಿಗೆ ಪಾಲಿಕೆ ಚುನಾವಣೆ ನಡೆಸುವ ಅವಸರ ಕೆಲವರಿಗೆ ಬಂದೀತು.